ಕೈ ಕಡಿಮೆ ಆಡಿದಷ್ಟೂ ಹಲಗೆ ಮಾತು ಕೇಳುತ್ತದೆ

‘ಎಸ್‌ಎಸ್‌ಎಕ್ಸ್ ಬ್ಲರ್’ 2007ರಲ್ಲಿ ನಿಂಟೆಂಡೊ ಕಂಪನಿಯ ವೀ ಕನ್ಸೋಲ್‌ಗೆಂದೇ ಬಂದ, ಹಿಮದ ಮೇಲೆ ಹಲಗೆಯಲ್ಲಿ ಜಾರುವ ಸ್ನೋಬೋರ್ಡಿಂಗ್ ಗೇಮ್. ಅದನ್ನು ಮೊದಲ ಸಲ ಆಡುವವರ ಪಕ್ಕದಲ್ಲಿ ಕುಳಿತು ಟಿವಿಯನ್ನಲ್ಲ, ಅವರ ಕೈಯನ್ನು ನೋಡಬೇಕು. ಇಳಿಜಾರು ಶುರುವಾಗುತ್ತದೆ. ಬಲಕ್ಕೊಂದು ತಿರುವು ಬರುತ್ತದೆ. ಕೈಯಲ್ಲಿರುವುದನ್ನು ಬಲಕ್ಕೆ ವಾಲಿಸುತ್ತಾರೆ. ಹಲಗೆ ಕೂಡಲೇ ತಿರುಗಲಿಲ್ಲ ಅನ್ನಿಸಿ ಇನ್ನಷ್ಟು ವಾಲಿಸುತ್ತಾರೆ. ಮೊಣಕೈ ಹೋಗುತ್ತದೆ, ಭುಜ ಹೋಗುತ್ತದೆ, ಕೊನೆಗೆ ಇಡೀ ಮೈ ಸೋಫಾದ ಬಲತುದಿಗೆ ಸರಿಯುತ್ತದೆ. ಅಷ್ಟು ಹೊತ್ತಿಗೆ ತೆರೆಯ ಮೇಲಿನ ಹಲಗೆ ಅಳತೆ ಮೀರಿ ತಿರುಗಿಬಿಟ್ಟಿರುತ್ತದೆ. ಗಾಬರಿಯಿಂದ ಎಡಕ್ಕೆ ಎಳೆಯುತ್ತಾರೆ. ಬಲ, ಎಡ, ಮತ್ತೆ ಬಲ ಎಂದು ಓಲಾಡುತ್ತ ಹೋಗಿ ಅಂಚಿಗೆ ಬಡಿಯುತ್ತಾರೆ. ಎರಡು ಮೂರು ಸಲ ಹೀಗಾದ ಮೇಲೆ ‘ಈ ಕಂಟ್ರೋಲರೇ ಸರಿಯಿಲ್ಲ’ ಎಂದೋ ‘ಇದು ನನ್ನ ಕೈಗೆ ಹತ್ತುವ ವಿದ್ಯೆಯಲ್ಲ’ ಎಂದೋ ಕೆಳಗಿಟ್ಟುಬಿಡುತ್ತಾರೆ.

ಎರಡೂ ಅವಸರದ ತೀರ್ಪು. ಇಲ್ಲಿ ಆಡುವವರಿಗೂ ಯಂತ್ರಕ್ಕೂ ನಡುವೆ ಒಂದು ತಪ್ಪು ತಿಳಿವಳಿಕೆ ಇದೆ, ಅಷ್ಟೇ. ನಾವು ಕೈಯಿಂದ ‘ತಿರುಗು’ ಎಂದು ಹೇಳುತ್ತಿದ್ದೇವೆ ಅಂದುಕೊಂಡಿರುತ್ತೇವೆ. ಯಂತ್ರ ಅಳೆಯುತ್ತಿರುವುದು ಬೇರೆಯದನ್ನೇ. ಅದು ಏನನ್ನು ಅಳೆಯುತ್ತದೆ ಎಂಬುದು ಗೊತ್ತಾದರೆ ಕೈ ಅರ್ಧ ಕಲಿತಂತೆ. ಆಡುವಾಗ ಗಮನ ಎಲ್ಲಿರಬೇಕು ಎಂಬುದು ಗೊತ್ತಾದರೆ ಉಳಿದರ್ಧ ತಾನಾಗಿ ಬರುತ್ತದೆ.

ಎಸ್‌ಎಸ್‌ಎಕ್ಸ್ ಸರಣಿ 2000ದಲ್ಲಿ ಪ್ಲೇಸ್ಟೇಷನ್ 2ರಲ್ಲಿ ಶುರುವಾದದ್ದು. ಆಗಿನಿಂದ ಬ್ಲರ್ ಬರುವವರೆಗೂ ಅದು ಹೆಬ್ಬೆರಳಿನ ಆಟ. ಇಂಥ ಬಟನ್ ಒತ್ತಿದರೆ ಜಿಗಿತ, ಇಂಥ ಕಡ್ಡಿ ತಳ್ಳಿದರೆ ತಿರುವು. ಅದರ ಮುಂದಿನ ಕಂತನ್ನು ವೀಗಾಗಿ ಮಾಡಹೊರಟ ಇಎ ಮಾಂಟ್ರಿಯಲ್ ತಂಡ ಕೆಲಸವನ್ನು ಎರಡು ಕೈಗೆ ಹಂಚಿತು. ಎಡಗೈಯಲ್ಲಿ ನನ್‌ಚಕ್ ಎಂಬ ಚಿಕ್ಕ ಹಿಡಿಕೆ. ಅದನ್ನು ಎಡಕ್ಕೋ ಬಲಕ್ಕೋ ವಾಲಿಸಿದರೆ ಹಲಗೆ ಅತ್ತ ತಿರುಗುತ್ತದೆ, ಅದರ ಮೇಲಿರುವ ಪುಟ್ಟ ಕಡ್ಡಿಯನ್ನೂ ಜೊತೆಗೆ ತಳ್ಳಿದರೆ ತಿರುವು ಕಡಿದಾಗುತ್ತದೆ. ನನ್‌ಚಕ್ಕನ್ನು ಮೇಲಕ್ಕೊಮ್ಮೆ ಝಾಡಿಸಿದರೆ ಜಿಗಿತ. ಗಾಳಿಗೇರಿದ ಮೇಲೆ ಅಧಿಕಾರ ಬಲಗೈಗೆ: ಅದರಲ್ಲಿರುವ ರಿಮೋಟನ್ನು ಬೀಸಿದ ದಿಕ್ಕಿಗೆ ಸವಾರ ಗಿರಕಿ ಹೊಡೆಯುತ್ತಾನೆ, ಪಲ್ಟಿ ಹೊಡೆಯುತ್ತಾನೆ. ಇಂಥ ಕಸರತ್ತುಗಳಿಂದ ಒಂದು ಮೀಟರ್ ತುಂಬಿದಾಗ ಗಾಳಿಯಲ್ಲಿ ರಿಮೋಟಿನಿಂದ ಒಂದು ಆಕೃತಿ ಬರೆದರೆ ‘ಊಬರ್‌ಟ್ರಿಕ್’ ಎಂಬ ದೊಡ್ಡ ಕಸರತ್ತು. ಕಾಗದದ ಮೇಲೆ ಇದು ಬಹಳ ಚೆಂದದ ಯೋಜನೆ. ನೆಲದ ಕೆಲಸ ಒಂದು ಕೈಗೆ, ಆಕಾಶದ ಕೆಲಸ ಇನ್ನೊಂದಕ್ಕೆ.

ಈಗ ಒಳಗಿನ ಚಿಪ್ಪಿಗೆ ಬರೋಣ. ರಿಮೋಟಿನಲ್ಲೂ ನನ್‌ಚಕ್ಕಿನಲ್ಲೂ ಆಕ್ಸೆಲೆರೋಮೀಟರ್ ಇದೆ, ಅಂದರೆ ವೇಗೋತ್ಕರ್ಷವನ್ನು ಅಳೆಯುವ ಸೆನ್ಸರ್. ರಿಮೋಟಿನಲ್ಲಿ ಇದ್ದದ್ದು ಅನಲಾಗ್ ಡಿವೈಸಸ್ ಕಂಪನಿಯ ಎಡಿಎಕ್ಸ್‌ಎಲ್330. ಅದರೊಳಗೆ ಸಿಲಿಕಾನಿನ ಕಣ್ಣಿಗೆ ಕಾಣದಷ್ಟು ಸಣ್ಣ ತುಣುಕೊಂದು ಅಷ್ಟೇ ಸಣ್ಣ ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ. ಕೈ ಅಲುಗಿದಾಗ ಆ ತುಣುಕು ಸ್ವಲ್ಪ ಹಿಂದೆ ಬೀಳುತ್ತದೆ. ಎಷ್ಟು ಸರಿಯಿತು ಎಂಬುದನ್ನು ವಿದ್ಯುತ್ತಿನ ಲೆಕ್ಕದಲ್ಲಿ ಓದಿಕೊಂಡು ಕನ್ಸೋಲ್‌ಗೆ ಕಳಿಸಲಾಗುತ್ತದೆ. ಕೈ ಅಲುಗದೆ ಇದ್ದಾಗಲೂ ಆ ತುಣುಕಿನ ಮೇಲೆ ಒಂದು ಎಳೆತ ಇದ್ದೇ ಇರುತ್ತದೆ. ಅದು ಭೂಮಿಯ ಗುರುತ್ವ. ಹಾಗಾಗಿ ನನ್‌ಚಕ್ಕನ್ನು ನಿಧಾನವಾಗಿ ವಾಲಿಸಿದರೆ ಗುರುತ್ವ ಯಾವ ಕಡೆಯಿಂದ ಎಳೆಯುತ್ತಿದೆ ಎಂಬುದು ಬದಲಾಗಿ, ಎಷ್ಟು ವಾಲಿದೆ ಎಂದು ಯಂತ್ರ ಸರಿಯಾಗಿ ಊಹಿಸುತ್ತದೆ.

ತೊಂದರೆ ಇರುವುದು ಇಲ್ಲೇ. ವಾಲಿಸಿದ್ದರಿಂದ ಬಂದ ಎಳೆತ ಯಾವುದು, ಬೀಸಿದ್ದರಿಂದ ಬಂದ ಎಳೆತ ಯಾವುದು ಎಂದು ಬೇರ್ಪಡಿಸಿ ಹೇಳುವ ಶಕ್ತಿ ಈ ಸೆನ್ಸರ್‌ಗೆ ಒಂಟಿಯಾಗಿ ಇಲ್ಲ. ಘಾಟಿ ರಸ್ತೆಯ ಬಸ್ಸಿನಲ್ಲಿ ಕಣ್ಣು ಮುಚ್ಚಿ ನಿಂತವರಿಗೆ ಮೈ ಮುಂದಕ್ಕೆ ಬಾಗಿದ್ದು ಬ್ರೇಕಿನಿಂದಲೋ ಇಳಿಜಾರಿನಿಂದಲೋ ಹೇಳಲಾಗದು. ಸೆನ್ಸರಿನ ಸ್ಥಿತಿಯೂ ಅದೇ. ಆಡುವವರು ಗಾಬರಿಯಲ್ಲಿ ಇಡೀ ತೋಳನ್ನು ಬಲಕ್ಕೆ ಎಸೆದಾಗ ಅದಕ್ಕೆ ಸಿಗುವುದು ವಾಲಿಕೆ ಮತ್ತು ಬೀಸು ಬೆರೆತ ಒಂದು ಕಲಸುಮೇಲೋಗರ. ಬೀಸಿನ ಶುರುವಿನಲ್ಲಿ ಒಂದು ದಿಕ್ಕಿನ ಎಳೆತ, ಕೈ ನಿಲ್ಲುವಾಗ ಅದರ ಎದುರು ದಿಕ್ಕಿನದು. ಈ ಗದ್ದಲವನ್ನು ತಡೆಯಲು ಆಟದ ತಂತ್ರಾಂಶ ಅದನ್ನು ಸೋಸಬೇಕಾಗುತ್ತದೆ. ಸೋಸುವುದೆಂದರೆ ಒಂದಿಷ್ಟು ಹೊತ್ತು ಕಾಯುವುದು. ಸೆಕೆಂಡಿಗೆ ಸುಮಾರು 100 ಸಲ ರಿಮೋಟ್ ಸುದ್ದಿ ಕಳಿಸುತ್ತಿದ್ದರೂ ಆ ಸುದ್ದಿಯ ಅರ್ಥ ಗಟ್ಟಿಯಾಗುವ ತನಕ ಹಲಗೆ ತಿರುಗದು. ಟಿವಿಯೂ ತನ್ನ ಪಾಲಿನ ತಡವನ್ನು ಸೇರಿಸುತ್ತದೆ. ಬಟನ್ ಒತ್ತಿದ್ದು ಒತ್ತಿದ ಕ್ಷಣದಲ್ಲೇ ಗೊತ್ತಾಗುತ್ತದೆ, ಆದರೆ ಝಾಡಿಸಿದ್ದು ಝಾಡಿಸಿದ ಮೇಲೆ ಮಾತ್ರ ಗೊತ್ತಾಗುವುದು. ತಡವಾಗಿ ಬರುವ ಉತ್ತರಕ್ಕೆ ಕಾಯದೆ ಮತ್ತೆ ಮತ್ತೆ ಅಪ್ಪಣೆ ಕೊಟ್ಟರೆ ಆಗುವುದು ಆ ಓಲಾಟ. ಶವರಿನಿಂದ ಹಿಡಿದು ವಿಮಾನದ ತನಕ, ತಡವಾಗಿ ಸ್ಪಂದಿಸುವ ಯಾವುದನ್ನೇ ನಡೆಸಹೊರಟರೂ ಅವಸರದ ತಿದ್ದುಪಡಿಯಿಂದ ಹುಟ್ಟುವ ಓಲಾಟ ಇದೇ.

ಆದ್ದರಿಂದ ಮೊದಲ ಪಾಠ: ಮೊಣಕೈಯನ್ನು ತೊಡೆಯ ಮೇಲೋ ಸೋಫಾದ ತೋಳಿನ ಮೇಲೋ ಊರಿ, ಮಣಿಕಟ್ಟನ್ನು ಮಾತ್ರ ಹೊರಳಿಸಿ. ತೋಳಿಗೆ ಎಸೆಯಲು ಜಾಗವಿಲ್ಲದಂತೆ ಮಾಡಿದರೆ ಸೆನ್ಸರ್‌ಗೆ ಸಿಗುವುದು ಶುದ್ಧ ವಾಲಿಕೆ. ತಿರುವಿಗೆ ಸ್ವಲ್ಪ ಮುಂಚೆಯೇ ವಾಲಿಸಿ, ಉತ್ತರ ಬರಲು ಬಿಡಿ. ಜಿಗಿತಕ್ಕೆ ಬೇಕಾದದ್ದು ಇದಕ್ಕೆ ಪೂರ್ತಿ ವಿರುದ್ಧವಾದ ಚಲನೆ, ಗಿಡ್ಡನೆಯ ಚುರುಕಾದ ಒಂದು ಝಾಡಿಕೆ. ಇವೆರಡೂ ಕೈಯಲ್ಲಿ ಬೇರೆ ಬೇರೆಯಾಗಿ ಕೂತ ಮೇಲೆ ತಿರುಗಿಸಹೋಗಿ ಜಿಗಿಯುವುದು, ಜಿಗಿಯಹೋಗಿ ತಿರುಗುವುದು ನಿಲ್ಲುತ್ತದೆ. ಕಲಿಯುವವರು ಮೊದಲ ಕೆಲವು ಓಟಗಳಲ್ಲಿ ಜಿಗಿತದ ಗೊಡವೆಗೇ ಹೋಗದೆ ಬರೀ ತಿರುಗುತ್ತ ಕೆಳಗಿಳಿದರೆ ಒಳ್ಳೆಯದು. ಅಂಕ ಬಾರದೆ ಬೇಸರವಾಗುತ್ತದೆ, ನಿಜ. ಆದರೂ ಹಾಗೇ ಮಾಡಿ.

ಜೋರಾಗಿ ಬೀಸಿದಷ್ಟೂ ಫಲ ಹೆಚ್ಚು ಎಂಬ ನಂಬಿಕೆಯನ್ನೂ ಬಿಡಬೇಕು. ಆ ಎಡಿಎಕ್ಸ್‌ಎಲ್330 ಚಿಪ್ಪಿನ ಅಳತೆ ಗುರುತ್ವದ ಮೂರು ಪಟ್ಟಿನ ಆಸುಪಾಸಿಗೆ ಮುಗಿಯುತ್ತದೆ. ಗಟ್ಟಿಯಾಗಿ ಬೀಸಿದ ಕೈ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ದಾಟಿದ ಮೇಲೆ ಸಾಧಾರಣ ಬೀಸೂ ಮೈಮೇಲೆ ದೆವ್ವ ಬಂದವರ ಬೀಸೂ ಯಂತ್ರಕ್ಕೆ ಒಂದೇ. ಶಕ್ತಿ ವ್ಯರ್ಥ, ಭುಜಕ್ಕೆ ನೋವು, ಮುಂದಿನ ಚಲನೆಗೆ ಕೈ ಸಿದ್ಧವಿಲ್ಲ. ವೀ ಬಿಡುಗಡೆಯಾದ 2006ರ ನವೆಂಬರ್ ಕಳೆದು ಡಿಸೆಂಬರ್ ಬರುವಷ್ಟರಲ್ಲಿ ನಿಂಟೆಂಡೊ ಗಟ್ಟಿಯಾದ ಹೊಸ ಕೈಪಟ್ಟಿಗಳನ್ನು ಜನರಿಗೆ ಉಚಿತವಾಗಿ ಕೊಡಬೇಕಾಯಿತು. ಬೀಸಿದ ರಭಸಕ್ಕೆ ಹಳೆಯ ಪಟ್ಟಿ ತುಂಡಾಗಿ ರಿಮೋಟ್ ಹಾರಿಹೋಗುತ್ತಿತ್ತು. ಹೊಸ ಯಂತ್ರ ಕೈಗೆ ಬಂದಾಗ ಮನುಷ್ಯರು ಎಷ್ಟು ಅತಿಯಾಗಿ ಬೀಸುತ್ತಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಟಿವಿಯ ಮೇಲೋ ಕೆಳಗೋ ಇಡುವ ‘ಸೆನ್ಸರ್ ಬಾರ್’ ಬಗ್ಗೆಯೂ ಒಂದು ಮಾತು. ಹೆಸರು ಸೆನ್ಸರ್ ಬಾರ್ ಆದರೂ ಅದು ಏನನ್ನೂ ಗ್ರಹಿಸುವುದಿಲ್ಲ. ಅದರಲ್ಲಿರುವುದು ಇನ್‌ಫ್ರಾರೆಡ್ ದೀಪಗಳು ಮಾತ್ರ. ಆ ದೀಪಗಳನ್ನು ನೋಡುವ ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ. ನನ್‌ಚಕ್ಕಿನಲ್ಲಿ ಅಂಥ ಕ್ಯಾಮೆರಾ ಇಲ್ಲ. ಹಲಗೆ ಸರಿಯಾಗಿ ತಿರುಗುತ್ತಿಲ್ಲವೆಂದು ಬಾರ್ ಅನ್ನು ಅತ್ತಿತ್ತ ಸರಿಸುವವರು ಆ ಶ್ರಮ ಉಳಿಸಿಕೊಳ್ಳಬಹುದು.

ಊಬರ್‌ಟ್ರಿಕ್‌ಗಳ ವಿಷಯದಲ್ಲಿ ಮಾತ್ರ ನಾನು ಆಡುವವರ ಪಕ್ಷ. ಆಟ ಬಂದಾಗ ವಿಮರ್ಶಕರು ಹೆಚ್ಚು ತಕರಾರು ಎತ್ತಿದ್ದೂ ಇದರ ಬಗ್ಗೆಯೇ: ಬರೆದ ಆಕೃತಿಯನ್ನು ಗೇಮ್ ಗುರುತಿಸುವುದಿಲ್ಲ ಎಂದು. ಕಾರಣ ಮತ್ತೆ ಗುರುತ್ವದಲ್ಲೇ ಇದೆ. ರಿಮೋಟನ್ನು ಮೇಜಿನ ಮೇಲೆ ಅಡ್ಡ ಇಟ್ಟು ಗಡಿಯಾರದ ಮುಳ್ಳಿನ ದಿಕ್ಕಿಗೆ ನಿಧಾನವಾಗಿ ತಿರುಗಿಸಿ ನೋಡಿ. ನಿಮ್ಮ ಕಣ್ಣಿಗೆ ಅದು ಪೂರ್ತಿ ಸುತ್ತಿದೆ. ಆದರೆ ಗುರುತ್ವ ಮೊದಲಿದ್ದಂತೆಯೇ ಕೆಳಗೆ ಎಳೆಯುತ್ತಿದೆ. ಆಕ್ಸೆಲೆರೋಮೀಟರಿನ ಪಾಲಿಗೆ ಏನೂ ಆಗಿಲ್ಲ. ಗಾಳಿಯಲ್ಲಿ ಬರೆಯುವ ಗೆರೆಯಲ್ಲಿ ಇಂಥ ಅಡ್ಡ ಹೊರಳಾಟ ಬೇಕಾದಷ್ಟಿರುತ್ತದೆ. ನಿಮ್ಮ ಮನಸ್ಸಿನಲ್ಲಿ ಸ್ಪಷ್ಟವಾಗಿರುವ ಆಕೃತಿ ಸೆನ್ಸರನ್ನು ತಲುಪುವಾಗ ತುಂಡು ತುಂಡಾಗಿರುತ್ತದೆ. ಅದೂ ಸವಾರ ಗಾಳಿಯಲ್ಲಿರುವ ಅಷ್ಟು ಕಡಿಮೆ ಹೊತ್ತಿನಲ್ಲಿ, ಇಳಿಯುವ ಜಾಗದ ಮೇಲೆ ಕಣ್ಣಿಟ್ಟುಕೊಂಡು ಬರೆಯಬೇಕು. ಕಲಿಯುವವರಿಂದ ಕೇಳಬಾರದ ಎರಡನ್ನು ಒಂದೇ ಕ್ಷಣದಲ್ಲಿ ಕೇಳುವುದು ಆಟ ಕಟ್ಟಿದವರ ತಪ್ಪು. ತಪ್ಪಾದಾಗ ಗೆರೆಯ ಯಾವ ಭಾಗ ತಪ್ಪಿತು ಎಂಬುದು ಕಾಣಿಸದಿದ್ದರಂತೂ ಸಾವಿರ ಸಲ ಬರೆದರೂ ಕೈ ಏನನ್ನೂ ಕಲಿಯಲಾರದು. ಅಭ್ಯಾಸ ಫಲ ಕೊಡುವುದು ತಪ್ಪು ಕಣ್ಣಿಗೆ ಬಿದ್ದಾಗ ಮಾತ್ರ.

ಹೊರಳುವಿಕೆಯನ್ನು ನೇರವಾಗಿ ಅಳೆಯುವ ಗೈರೋಸ್ಕೋಪ್ ಇರುವ ‘ಮೋಷನ್‌ಪ್ಲಸ್’ ಎಂಬ ಜೋಡಣೆಯನ್ನು ನಿಂಟೆಂಡೊ 2009ರಲ್ಲಿ ತಂದಿತು. ಬ್ಲರ್ ಬಂದು ಎರಡು ವರ್ಷವಾಗಿತ್ತು. 2017ರ ಸ್ವಿಚ್ ಕನ್ಸೋಲಿನ ಜಾಯ್‌ಕಾನ್‌ಗಳಲ್ಲಿ ಎರಡೂ ಸೆನ್ಸರ್ ಮೊದಲಿನಿಂದಲೇ ಇವೆ. ನಿಮ್ಮ ಜೇಬಿನಲ್ಲಿರುವ ಮೊಬೈಲಿನಲ್ಲೂ ಬಹುಮಟ್ಟಿಗೆ ಇವೆ. ಮೊಬೈಲನ್ನು ಸ್ಟೀರಿಂಗಿನಂತೆ ವಾಲಿಸಿ ಕಾರ್ ರೇಸ್ ಆಡುವ ಮಕ್ಕಳು ಕೈ ಕಡಿಮೆ ಆಡಿಸುವ ಪಾಠವನ್ನು ಯಾರೂ ಹೇಳಿಕೊಡದೆ ಕಲಿತಿರುತ್ತಾರೆ. ಚೆನ್ನಾಗಿ ಆಡುವ ಮಗುವಿನ ಕೈ ಎಷ್ಟು ಕಡಿಮೆ ಅಲುಗುತ್ತದೆ ಎಂದು ಗಮನಿಸಿ.

ಚಿಪ್ಪಿನ ಕಥೆ ಇಷ್ಟಾಯಿತು. ಕಲಿಯುವ ದೇಹದ ಕಥೆ ಇದಕ್ಕಿಂತ ಕುತೂಹಲದ್ದು.

ನಿಜವಾದ ಸ್ನೋಬೋರ್ಡ್ ತಿರುಗುವುದು ಅದರ ಅಂಚಿನಿಂದ. ಹಲಗೆಯ ಉದ್ದಕ್ಕೂ ಎರಡು ಅಂಚು, ಒಂದು ಕಾಲ್ಬೆರಳಿನ ಕಡೆ, ಇನ್ನೊಂದು ಹಿಮ್ಮಡಿಯ ಕಡೆ. ಬೆರಳ ಮೇಲೆ ಭಾರ ಬಿಟ್ಟರೆ ಆ ಅಂಚು ಹಿಮವನ್ನು ಕಚ್ಚಿ ಹಲಗೆ ಬಾಗಿ ಸಾಗುತ್ತದೆ. ಹಿಮ್ಮಡಿಗೆ ಬಿಟ್ಟರೆ ಇನ್ನೊಂದು ಕಡೆಗೆ. ಅಲ್ಲಿ ಹಿಮ ತಿರುಗಿ ಒತ್ತುತ್ತದೆ. ಆ ಒತ್ತುವಿಕೆ ಅಂಗಾಲಿನಿಂದ ಮೊಣಕಾಲಿಗೆ, ಸೊಂಟಕ್ಕೆ ಏರಿ ‘ಸಾಕು’ ಎಂದೋ ‘ಸಾಲದು’ ಎಂದೋ ತಿಳಿಸುತ್ತದೆ. ಗಾಳಿಯಲ್ಲಿ ನನ್‌ಚಕ್ ಹೊರಳಿಸುವ ಕೈಗೆ ಈ ಯಾವ ಸುದ್ದಿಯೂ ಬಾರದು. ಐದು ಡಿಗ್ರಿ ವಾಲಿದ್ದಕ್ಕೂ ಐವತ್ತು ಡಿಗ್ರಿ ವಾಲಿದ್ದಕ್ಕೂ ಸ್ನಾಯುವಿಗೆ ಬೀಳುವ ಭಾರದಲ್ಲಿ ಅಂಥ ವ್ಯತ್ಯಾಸವಿಲ್ಲ. ಎದುರೊತ್ತು ಸಿಗದ ಕೈ ಅದನ್ನು ಹುಡುಕುತ್ತ ಮುಂದೆ ಮುಂದೆ ಹೋಗುತ್ತದೆ. ಹೊಸಬರು ಅಷ್ಟು ಅತಿಯಾಗಿ ವಾಲಿಸುವುದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ಎಣಿಕೆ. ಕೈಯಿಂದ ಸುದ್ದಿ ಬಾರದ ಮೇಲೆ ಅದು ಬರಬೇಕಾದದ್ದು ಕಣ್ಣಿನಿಂದ. ಅಂದರೆ ತೆರೆಯ ಮೇಲಿನ ಹಲಗೆಯೇ ನಿಮ್ಮ ಅಂಗಾಲು.

ಗಮನ ಎಲ್ಲಿರಬೇಕು ಎಂಬುದರ ಬಗ್ಗೆ ಒಂದು ಒಳ್ಳೆಯ ಪ್ರಯೋಗವಿದೆ. ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು ಅದನ್ನು 1998ರಲ್ಲಿ ಪ್ರಕಟಿಸಿದರು. ವುಲ್ಫ್ ಹಾಯಿ ಕಟ್ಟಿದ ಹಲಗೆಯ ಮೇಲೆ, ಅಂದರೆ ವಿಂಡ್‌ಸರ್ಫಿಂಗ್‌ನಲ್ಲಿ, ಒಂದು ಕಷ್ಟದ ತಿರುವನ್ನು ಅಭ್ಯಾಸ ಮಾಡುತ್ತಿದ್ದಾಗ ಅದರ ಮೂಲ ಯೋಚನೆ ಹೊಳೆದದ್ದು ಎಂದು ಅವರೇ ಬರೆದಿದ್ದಾರೆ: ತನ್ನ ಕಾಲಿನ ಮೇಲಿನ ಗಮನವನ್ನು ಹಲಗೆಯ ಓರೆಯ ಕಡೆಗೆ ಹರಿಸಿದಾಗ ತಿರುವು ಸರಾಗವಾಯಿತು. ಪ್ರಯೋಗಕ್ಕೆ ಬಳಸಿದ್ದು ಸ್ಕೀ ಸಿಮ್ಯುಲೇಟರ್, ಬಾಗಿದ ಹಳಿಗಳ ಮೇಲೆ ಚಕ್ರದಿಂದ ಅತ್ತಿತ್ತ ಜಾರುವ ಒಂದು ಅಟ್ಟಣೆ. ಅದರ ಮೇಲೆ ನಿಂತು ಆದಷ್ಟು ಅಗಲವಾಗಿ ಓಲಾಡಬೇಕು. ಒಂದು ಗುಂಪಿಗೆ ‘ಹೊರಗಿನ ಪಾದದಿಂದ ಒತ್ತುವುದರ ಮೇಲೆ ಗಮನವಿಡಿ’ ಎಂದು ಹೇಳಿದರು. ಇನ್ನೊಂದಕ್ಕೆ ‘ಅಟ್ಟಣೆಯ ಹೊರಗಿನ ಚಕ್ರಗಳನ್ನು ಒತ್ತುವುದರ ಮೇಲೆ’ ಎಂದರು. ಚಕ್ರಗಳಿದ್ದದ್ದು ಪಾದದ ನೇರ ಕೆಳಗೇ! ಅಂತರ ಅಷ್ಟು ಕಡಿಮೆ. ಆದರೂ ಚಕ್ರದ ಮೇಲೆ ಗಮನವಿಟ್ಟವರು ಚೆನ್ನಾಗಿ ಕಲಿತರು. ಸೂಚನೆ ಏನನ್ನೂ ಕೊಡದೆ ಮತ್ತೆ ಪರೀಕ್ಷಿಸಿದಾಗಲೂ ಅವರೇ ಮುಂದಿದ್ದರು. ತನ್ನ ಅಂಗಾಂಗವನ್ನು ಕಾವಲು ಕಾಯುವ ಮನಸ್ಸು ದೇಹಕ್ಕೆ ತಾನೇ ಗೊತ್ತಿರುವ ಹೊಂದಾಣಿಕೆಗಳಿಗೆ ಅಡ್ಡ ಬರುತ್ತದೆ ಎಂಬುದು ವುಲ್ಫ್ ಅವರ ವಿವರಣೆ. ಮುಂದೆ ಬೇರೆ ಬೇರೆ ಆಟ, ಕಸರತ್ತುಗಳಲ್ಲೂ ಇಂಥದೇ ಫಲಿತಾಂಶ ಬಂದಿದೆ.

ಇದನ್ನು ನಮ್ಮ ಆಟಕ್ಕೆ ಹಚ್ಚಿ. ‘ಮಣಿಕಟ್ಟು ಇಷ್ಟು ಡಿಗ್ರಿ ತಿರುಗಿಸಬೇಕು’ ಎಂದು ಯೋಚಿಸುತ್ತ ಆಡುವವರಿಗಿಂತ ‘ಹಲಗೆಯ ಮೂತಿ ಆ ಎರಡು ಮರದ ನಡುವೆ ಹೋಗಬೇಕು’ ಎಂದು ಯೋಚಿಸುವವರು ಬೇಗ ಕಲಿಯುತ್ತಾರೆ. ಪಕ್ಕದಲ್ಲಿ ನಿಂತು ಕಲಿಸುವವರೂ ‘ಕೈ ಸ್ವಲ್ಪ ಎತ್ತು, ಮೊಣಕೈ ಒಳಗೆ ತಾ’ ಎನ್ನುತ್ತಲೇ ಇರಬಾರದು. ಮೊಣಕೈ ಊರಿಸುವುದನ್ನು ಆಟ ಶುರುವಾಗುವ ಮೊದಲೇ ಮಾಡಿಸಿ ಮುಗಿಸಿ. ಶುರುವಾದ ಮೇಲೆ ‘ಮುಂದಿನ ತಿರುವು ನೋಡು’ ಎಂಬ ಒಂದೇ ಮಾತು ಸಾಕು. ಅಜ್ಜಿಗೋ ಅಪ್ಪನಿಗೋ ಆಟ ಕಲಿಸುವ ಹುಡುಗರು ತಾಳ್ಮೆಗೆಟ್ಟು ಅವರ ಕೈ ಹಿಡಿದು ತಿರುಗಿಸುವುದನ್ನು ನೋಡಿದ್ದೇನೆ. ಕಲಿಯುವವರ ಕಣ್ಣು ಆಗ ತೆರೆಯನ್ನು ಬಿಟ್ಟು ಕೈಗೆ ಇಳಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಕೈಯನ್ನು ಬಿಟ್ಟು ಕಾಲಿಗೇ ಕೆಲಸ ಕೊಟ್ಟ ಪ್ರಯತ್ನವೂ ನಡೆದಿದೆ, ನನಗದು ಇನ್ನೂ ಇಷ್ಟ. 2007ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ‘ವೀ ಫಿಟ್’ ಜೊತೆ ಬ್ಯಾಲೆನ್ಸ್ ಬೋರ್ಡ್ ಎಂಬ ಹಲಗೆ ಬಂತು. ಸುಮೋ ಜಟ್ಟಿಗಳ ಭಾರಕ್ಕೆ ಒಂದು ತೂಕದ ಯಂತ್ರ ಸಾಲದೆ ಎರಡರ ಮೇಲೆ ಒಂದೊಂದು ಕಾಲಿಟ್ಟು ತೂಗುವುದರಿಂದ ಅದರ ಯೋಚನೆ ಬಂತೆಂದು ಅದನ್ನು ರೂಪಿಸಿದ ಶಿಗೆರು ಮಿಯಾಮೊಟೊ ಹೇಳಿದ್ದಾರೆ. ಹಲಗೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಒತ್ತಡದ ಸೆನ್ಸರ್. ನಾಲ್ಕನ್ನೂ ಹೋಲಿಸಿ ನಿಮ್ಮ ಭಾರದ ಕೇಂದ್ರ ಹಲಗೆಯ ಯಾವ ಬಿಂದುವಿನಲ್ಲಿ ಒತ್ತುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಆಟಿಕೆ ಎಂದು ತಳ್ಳಿಹಾಕುವಂತಿಲ್ಲ: ನಿಲುವಿನ ಸಮತೋಲವನ್ನು ಅಳೆಯುವುದರಲ್ಲಿ ಅದು ಪ್ರಯೋಗಾಲಯದಲ್ಲಿ ಒತ್ತಡ ಅಳೆಯುವ ದುಬಾರಿ ಫಲಕಕ್ಕೆ ಸರಿಸಾಟಿಯಾಗಿ ನಿಲ್ಲುತ್ತದೆಂದು ರಾಸ್ ಕ್ಲಾರ್ಕ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ವೀ ಫಿಟ್‌ನ ಸ್ನೋಬೋರ್ಡ್ ಆಟದಲ್ಲಿ ಈ ಹಲಗೆಯನ್ನು ಉದ್ದಕ್ಕೆ ತಿರುಗಿಸಿ ಟಿವಿಗೆ ಮಗ್ಗುಲಾಗಿ ನಿಂತು, ಬೆರಳಿಗೂ ಹಿಮ್ಮಡಿಗೂ ಭಾರ ಬದಲಿಸುತ್ತ ಬಾವುಟಗಳ ನಡುವೆ ಸಾಗಬೇಕು. 2008ರಲ್ಲಿ ಬಂದ ‘ಶಾನ್ ವೈಟ್ ಸ್ನೋಬೋರ್ಡಿಂಗ್: ರೋಡ್ ಟ್ರಿಪ್’ ಇದೇ ಹಲಗೆಯನ್ನು ಪೂರ್ಣ ಆಟಕ್ಕೆ ಬಳಸಿತು. ಶಾನ್ ವೈಟ್ ಅಂದರೆ 2006ರ ಟ್ಯೂರಿನ್ ಒಲಿಂಪಿಕ್ಸಿನ ಸ್ನೋಬೋರ್ಡಿಂಗ್ ಹಾಫ್‌ಪೈಪ್‌ನಲ್ಲಿ ಚಿನ್ನ ಗೆದ್ದವರು.

ಇಲ್ಲೂ ಹೊಸಬರ ಕಷ್ಟ ಅದೇ ಜಾತಿಯದು. ತಿರುಗಲು ಸೊಂಟದಿಂದ ಮೇಲೆ ಬಾಗುತ್ತಾರೆ. ನೋಡುವವರಿಗೆ ಅದು ಭಾರೀ ವಾಲಿಕೆ. ಆದರೆ ಎದೆ ಮುಂದೆ ಹೋದಷ್ಟು ಸೊಂಟ ಹಿಂದೆ ಹೋಗಿರುತ್ತದೆ; ಒಟ್ಟು ಭಾರ ಇದ್ದಲ್ಲೇ ಇರುತ್ತದೆ. ಹಲಗೆಗೆ ಎದೆ ಕಾಣುವುದಿಲ್ಲ, ಭುಜ ಕಾಣುವುದಿಲ್ಲ, ಅಂಗಾಲಿನ ಒತ್ತಡ ಮಾತ್ರ ಕಾಣುತ್ತದೆ. ಮೊಣಕಾಲನ್ನು ತುಸು ಸಡಿಲಿಸಿ, ಮೈಯನ್ನು ನೆಟ್ಟಗಿಟ್ಟು, ಪಾದದ ಗಿಣ್ಣಿನಿಂದಷ್ಟೇ ಓಲಿದರೆ ಹೊರಗಿನವರಿಗೆ ಏನೂ ಆಗದಂತೆ ಕಂಡರೂ ತೆರೆಯ ಮೇಲಿನ ಸವಾರ ಸೊಗಸಾಗಿ ಬಾಗಿ ಹೋಗುತ್ತಾನೆ. ವೀ ಫಿಟ್‌ನ ಸ್ಕೀ ಜಂಪ್ ಆಟದಲ್ಲಂತೂ ಹಾರಬೇಕಾದ ಕ್ಷಣದಲ್ಲಿ ಹಲಗೆಯಿಂದ ಕಾಲೆತ್ತುವುದೇ ತಪ್ಪು. ಬಗ್ಗಿಸಿದ ಮೊಣಕಾಲನ್ನು ಚಟ್ಟನೆ ನೆಟ್ಟಗೆ ಮಾಡಬೇಕು, ಅಷ್ಟೇ. ಇದನ್ನು ಕಲಿಯುವುದೆಂದರೆ ಇಷ್ಟು ವರ್ಷದ ಜಿಗಿಯುವ ಅಭ್ಯಾಸವನ್ನು ತಡೆಹಿಡಿಯುವುದು.

ಫಿಟ್ಸ್ ಮತ್ತು ಪೋಸ್ನರ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಹೇಳಿದಂತೆ ಯಾವುದೇ ಕೈಚಳಕ ಮೂರು ಘಟ್ಟ ದಾಟುತ್ತದೆ: ಪ್ರತಿ ಹೆಜ್ಜೆಯನ್ನೂ ಯೋಚಿಸಿ ಮಾಡುವುದು, ತಪ್ಪು ಕಡಿಮೆಯಾಗುತ್ತ ಹೋಗುವುದು, ಯೋಚಿಸದೆಯೇ ಆಗಿಬಿಡುವುದು. ದೊಡ್ಡವರಾದ ನಾವು ಮೊದಲ ಘಟ್ಟಕ್ಕೆ ಮರಳುವ ಸಂದರ್ಭಗಳೇ ಕಡಿಮೆ. ಮರಳಿದರೂ ಅಲ್ಲಿ ನಿಲ್ಲಲು ನಾಚಿಕೆ. ಚಲನೆಯಿಂದ ಆಡುವ ಗೇಮ್‌ಗಳನ್ನು ಪಳಗಿದ ಗೇಮರ್‌ಗಳು ‘ಸುಮ್ಮನೆ ಕೈಯಾಡಿಸುವುದು’ ಎಂದು ಹೀಗಳೆದರು, ಕಂಪನಿಗಳೂ ಮೆಲ್ಲಗೆ ಬಟನ್ನಿಗೆ ಹಿಂದಿರುಗಿದವು. ಅದು ನಷ್ಟವೆಂದೇ ನನ್ನ ಭಾವನೆ. ಬಟನ್ನಿನಲ್ಲಿ ಹತ್ತು ವರ್ಷ ಪಳಗಿದವರೂ ಬ್ಯಾಲೆನ್ಸ್ ಬೋರ್ಡಿನ ಮೇಲೆ ಹೊಸಬರೇ. ಅಜ್ಜಿ ಮೊಮ್ಮಗ ಒಂದೇ ಗೆರೆಯಲ್ಲಿ ನಿಂತು ಒಟ್ಟಿಗೆ ಕಲಿಯಬಹುದಾದ ಆಟಗಳು ನಮ್ಮ ಮನೆಗಳಲ್ಲಿ ಎಷ್ಟಿವೆ?

ಇಷ್ಟೆಲ್ಲ ಕಲಿತದ್ದು ನಿಜವಾದ ಹಿಮದಲ್ಲಿ ಕೆಲಸಕ್ಕೆ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಸ್ವಲ್ಪ ಬರುತ್ತದೆ. ತಿರುವಿಗೆ ಮೊದಲೇ ಮುಂದೆ ನೋಡುವುದು, ಬೆರಳು ಹಿಮ್ಮಡಿಗಳ ನಡುವೆ ಭಾರ ಹಂಚುವುದು, ಯಾವ ಕಾಲು ಮುಂದಿದ್ದರೆ ತನಗೆ ಹಿತ ಎಂಬುದು — ಎಡಗಾಲು ಮುಂದಿಡುವವರನ್ನು ‘ರೆಗ್ಯುಲರ್’ ಎಂದೂ ಬಲಗಾಲು ಮುಂದಿಡುವವರನ್ನು ‘ಗೂಫಿ’ ಎಂದೂ ಕರೆಯುತ್ತಾರೆ — ಇವಿಷ್ಟು ಬ್ಯಾಲೆನ್ಸ್ ಬೋರ್ಡಿನಿಂದ ಸಿಕ್ಕಾವು. ಗುಲ್ಮರ್ಗ್‌ನಲ್ಲೋ ಔಲಿಯಲ್ಲೋ ಮೊದಲ ಸಲ ಹಲಗೆ ಕಟ್ಟಿಕೊಂಡಾಗ ಉಳಿದದ್ದನ್ನು ಹೊಸದಾಗಿಯೇ ಕಲಿಯಬೇಕು. ಮುಖ್ಯವಾಗಿ ಇಳಿಜಾರಿನ ಕಡೆಯ ಅಂಚು ಹಿಮಕ್ಕೆ ಸಿಕ್ಕಿಕೊಂಡರೆ ಹಲಗೆ ಕ್ಷಣಾರ್ಧದಲ್ಲಿ ನಿಂತು ಮೈ ಮುಂದಕ್ಕೆ ಬೀಳುವುದನ್ನು ಯಾವ ಸೆನ್ಸರೂ ಕಲಿಸಲಾರದು. ಅದಕ್ಕೆ ಹೆಲ್ಮೆಟ್, ಮಣಿಕಟ್ಟಿನ ಕಾಪು, ಪಕ್ಕದಲ್ಲಿ ತರಬೇತುದಾರರು ಬೇಕು.